ಮಾರ್ಚ್‌ನಲ್ಲಿ ನೋಡಿದ ಹುಡುಗನನ್ನ ಆಗಸ್ಟ್‌ನಲ್ಲೂ ನೋಡಿ

ಎರಡು ವರ್ಷದ ಪ್ರೀತಿ, ಹುಡುಗ ಕೊಡಗಿನ ತೋಟದ ಮನೆಯವನು, ಜಾತಿ ಬೇರೆ, ಒಳ್ಳೆಯವನೇ, ಆದರೂ ಮದುವೆಗೆ ಸರಿಯಾದವನಾ ಗೊತ್ತಾಗ್ತಿಲ್ಲ ಅಂದಿದ್ದೀರಿ. ನಾನು ಮೈಸೂರಿನವಳು, ಪ್ರೀತಿಸಿ ಮದುವೆಯಾಗಿ ಕೊಡಗಿನ ಸುಂಟಿಕೊಪ್ಪದ ಕಡೆ ಸೇರಿದವಳು. ನಾವೂ ಎರಡು ವರ್ಷವೇ ಓಡಾಡಿದ್ದು. ಅಷ್ಟರಲ್ಲಿ ಅವರ ಮನೆಗೆ ಐದು ಸಲ ಹೋಗಿದ್ದೆ. ಐದೂ ಸಲ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ.

ನನ್ನ ತಪ್ಪು ಅದೇ. ತೋಟದ ಮನೆಗೆ ದುಡ್ಡು ಬರೋದು ವರ್ಷಕ್ಕೊಂದು ಸಲ. ರೊಬಸ್ಟಾ ಕಾಫಿ ಕುಯ್ಲು ಜನವರಿ, ಫೆಬ್ರವರಿ. ಕಣದಲ್ಲಿ ಒಣಗಿಸಿ 50 ಕೆಜಿ ಚೀಲಕ್ಕೆ ತುಂಬಿ ಮಾರೋ ಹೊತ್ತಿಗೆ ಮಾರ್ಚ್, ಕಾಳುಮೆಣಸೂ ಆಗಲೇ. ಕೈತುಂಬ ಕಾಸು, ಕಾಫಿ ಹೂ ಅರಳಿಸೋ ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆ ಥರ ಘಮಘಮ. ಆಗ ಯಾರ ಮೇಲಾದ್ರೂ ಪ್ರೀತಿ ಬರುತ್ತೆ! ಆಮೇಲೆ ಬರೀ ಖರ್ಚು: ಗೊಬ್ಬರ, ಮರಕಸಿ ಅಂದ್ರೆ ನೆರಳಿನ ಮರದ ಕೊಂಬೆ ಕಡಿಸೋದು, ಮಳೆಗೆ ಮುಂಚೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ, ಕಳೆ, ವಾರವಾರ ಕೆಲಸದವರ ಕೂಲಿ ಬಟವಾಡೆ. ಆಗಸ್ಟ್ ಹೊತ್ತಿಗೆ ಪೆಟ್ಟಿಗೆ ಖಾಲಿ, ಕರೆಂಟ್ ಇಲ್ಲ, ಕೊಳೆರೋಗಕ್ಕೆ ಕಾಯಿ ಉದುರ್ತಾ ಇರುತ್ತೆ. ಆ ಆಗಸ್ಟ್‌ನಲ್ಲಿ ಇವರು ಹೇಗಿರ್ತಾರೆ ಅಂತ ನಾನು ನೋಡಿರಲೇ ಇಲ್ಲ.

ಪೂರ್ತಿ ಕಣ್ಣುಮುಚ್ಚಿ ಮದುವೆಯಾದವಳೂ ಅಲ್ಲ. ಜಮೀನಿನ ಪಹಣಿ ತೆಗೆಸಿ ನೋಡಿದ್ದೆ. 11ನೇ ಕಾಲಂನಲ್ಲಿ, ಅಂದ್ರೆ ಹಕ್ಕು ಮತ್ತು ಋಣ ಬರೆಯೋ ಕಡೆ, ಏನೂ ಇರಲಿಲ್ಲ. ಸಾಲ ಇಲ್ಲ ಅಂದ್ಕೊಂಡೆ. ಆದರೆ ಮುಂದಿನ ಫಸಲಿನ ಮೇಲೆ ವ್ಯಾಪಾರಿ ಹತ್ರ ತಗೊಂಡ ಮುಂಗಡ ಪಹಣಿಗೆ ಬರಲ್ಲ. ಕೈಸಾಲ ಬರಲ್ಲ. ಚಿನ್ನದ ಅಡವೂ ಬರಲ್ಲ. ಮೊದಲನೇ ವರ್ಷ ಗೌರಿ ಹಬ್ಬಕ್ಕೆ ಬೀರು ತೆಗೆದಾಗಲೇ ಗೊತ್ತಾಗಿದ್ದು, ನನ್ನ 40 ಗ್ರಾಂ ಸರ ಇಲ್ಲ ಅಂತ. "ಬಟವಾಡೆಗೆ ಬೇಕಿತ್ತು, ನಿನಗೆ ಹೇಳೋಕೆ ನಾಚಿಕೆ ಆಯ್ತು" ಅಂದ್ರು. ಬಿಡಿಸೋಕೆ ಮೂರು ಫಸಲು ಬೇಕಾಯ್ತು. ಈಗಲೂ ಜೊತೆಗೇ ಇದ್ದೀವಿ. ಕೆಟ್ಟ ಮನುಷ್ಯ ಅಲ್ಲ. ಆದರೆ ಆ ಮೂರು ವರ್ಷ ನಮ್ಮನೇಲಿ ಮಾತೇ ಇರಲಿಲ್ಲ.

ಅದಕ್ಕೇ "ಸರಿಯಾದವನಾ" ಅನ್ನೋ ಪ್ರಶ್ನೆ ಬಿಟ್ಟುಬಿಡಿ. ಒಳ್ಳೆಯವನು ಅಂತ ನೀವೇ ಬರೆದಿದ್ದೀರಲ್ಲ. ಕೈ ಬರಿದಾದಾಗ ನಿಮಗೆ ಹೇಳ್ತಾನಾ, ಮುಚ್ಚಿಡ್ತಾನಾ? ಅದನ್ನ ನೋಡಿ. ಮೂರು ವರ್ಷದ ಕಾಫಿ ಮಾರಿದ ಚೀಟಿ ಕೇಳಿ: ಎಷ್ಟು ಚೀಲ, ಏನು ದರ, ಮುಂಗಡಕ್ಕೆ ಎಷ್ಟು ಮುರ್ಕೊಂಡಿದ್ದಾರೆ. ಸಾಲ ಸಿಗೋದು ಆ ಕೊನೇ ಸಾಲಿನಲ್ಲೇ. ಪಹಣಿಯ 9ನೇ ಕಾಲಂನಲ್ಲಿ, ಅಂದ್ರೆ ಮಾಲೀಕರ ಕಡೆ, ಎಷ್ಟು ಹೆಸರಿದೆ ಎಣಿಸಿ. "ನಮ್ಮ ತೋಟ" ಅನ್ನೋದು ಎಷ್ಟು ಜನರದ್ದು ಅಂತ ಗೊತ್ತಾಗುತ್ತೆ. ಬ್ಯಾಂಕ್ ಸಾಲ ತೋರಿಸೋ ಸಿಬಿಲ್ ವರದಿ ವರ್ಷಕ್ಕೊಂದು ಸಲ ಉಚಿತ, ಇಬ್ಬರೂ ತೆಗೆದು ಅದಲುಬದಲು ಮಾಡ್ಕೊಳ್ಳಿ. ನಿಮ್ಮದನ್ನ ಮೊದಲು ಕೊಡಿ, ಇಲ್ಲದಿದ್ರೆ ಅದು ಪೊಲೀಸ್ ವಿಚಾರಣೆ ಆಗುತ್ತೆ. ಕೇಳಿದ್ದಕ್ಕೆ ಸಿಡುಕಿದ್ರೆ ಮದುವೆ ಮುಂದಕ್ಕೆ ಹಾಕಿ. ಅದೆಲ್ಲ ಅಮ್ಮನಿಗೇ ಗೊತ್ತು ಅಂತ ಅಮ್ಮನ ಮೇಲೆ ಹಾಕಿದ್ರೂ ಅಷ್ಟೇ.

ಜಾತಿ ವಿಷಯ ಇದಕ್ಕಿಂತ ಸುಲಭ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್, ಮೂವರು ಸಾಕ್ಷಿ. ಮನೆಯವರನ್ನ ಒಪ್ಪಿಸೋದು ಬೇರೆ ಮಾತು.

ಆಗಸ್ಟ್‌ನಲ್ಲಿ ಹೋಗಿ, ಬಟವಾಡೆ ದಿನ ಸೇರೋ ಹಾಗೆ ಮೂರು ನಾಲ್ಕು ದಿನ ಉಳ್ಕೊಳ್ಳಿ. ಗಮ್‌ಬೂಟ್ ಮರೀಬೇಡಿ, ಜಿಗಣೆಗೆ ಒಂದು ಪೊಟ್ಟಣ ಉಪ್ಪೂ ಇಟ್ಕೊಳ್ಳಿ.