ಜ್ವರವಿಲ್ಲದೆ ಬಂದ ನ್ಯುಮೋನಿಯಾ

ನಿಮ್ಮ 78 ವರ್ಷದ ತಾಯಿಯವರಿಗೆ ನ್ಯುಮೋನಿಯಾ ಆಗಿತ್ತು. ಆದರೆ ಮೈ ಬಿಸಿಯಾಗಲಿಲ್ಲ, ಊಟ ಬಿಟ್ಟು ಮಂಕಾಗಿದ್ದರು, ಮಾತು ತಡವರಿಸುತ್ತಿತ್ತು ಎಂದು ಬರೆದಿದ್ದೀರಿ. ವಯಸ್ಸಾದ ಮೇಲೆ ರೋಗನಿರೋಧಕ ಶಕ್ತಿ ಕುಂದುತ್ತದಂತೆ, ಅದನ್ನು ಹೆಚ್ಚಿಸಲು ಯಾವ ಟಾನಿಕ್ ಕೊಡಬೇಕು ಎಂದು ಕೇಳಿದ್ದೀರಿ.

ಟಾನಿಕ್ಕಿನ ಆಸೆ ಬಿಡಿ. ಕಾರಣ ಹೇಳುತ್ತೇನೆ.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಅದರಿಂದ ಏನೂ ಉಪಯೋಗವಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಆಗಷ್ಟೇ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದರೆ ಅವು ಸೋಂಕು ತಡೆಯಲಾರದೆ ಸಾಯುತ್ತವೆಂದು 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ತೋರಿಸಿದರು. ಮೂಳೆಮಜ್ಜೆಯಿಂದ ಬಂದ ಎಳೆಯ ಕೋಶಗಳು ಪಳಗಿ, ರೋಗಾಣುಗಳನ್ನು ಗುರುತಿಸಿ ಎದುರಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳಾಗುವುದು ಇಲ್ಲೇ. ನಮ್ಮ ದೇಹದ ಮೇಲೆಯೇ ಎರಗಬಲ್ಲವುಗಳಲ್ಲಿ ಹೆಚ್ಚಿನವು ಅಳಿಯುವುದೂ ಇಲ್ಲೇ. ಹರೆಯ ದಾಟುತ್ತಿದ್ದಂತೆ ಈ ಗ್ರಂಥಿ ಕುಗ್ಗುತ್ತದೆ, ಅದರ ಜಾಗವನ್ನು ಕೊಬ್ಬು ತುಂಬುತ್ತದೆ. ಹಾಗಾಗಿ ಹಿಂದೆಂದೂ ಕಾಣದ ರೋಗಾಣುವನ್ನು ಗುರುತಿಸಬಲ್ಲ ಹೊಸ ಟಿ ಕೋಶಗಳು ಮುಪ್ಪಿನಲ್ಲಿ ವಿರಳ.

ದೇಹ ಹಿಂದೆ ಎದುರಿಸಿದ ರೋಗಾಣುಗಳ ನೆನಪು ಮಾತ್ರ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. 1918ರ ಫ್ಲೂ ಮಹಾಮಾರಿಯ ಕಾಲದಲ್ಲಿ ಮಕ್ಕಳಾಗಿದ್ದವರ ರಕ್ತದಲ್ಲಿ ಸುಮಾರು 90 ವರ್ಷಗಳ ನಂತರವೂ ಆ ವೈರಾಣುವನ್ನು ತಡೆಯುವ ಪ್ರೋಟೀನುಗಳು, ಅಂದರೆ ಪ್ರತಿಕಾಯಗಳು ಸಿಕ್ಕಿವೆ! ಅಜ್ಜ ಅಜ್ಜಿಯರ ದೇಹವನ್ನು ನಿಶ್ಶಕ್ತವೆಂದು ತಳ್ಳಿಹಾಕುವವರು ಇದನ್ನೊಮ್ಮೆ ಯೋಚಿಸಬೇಕು.

ಇನ್ನೊಂದು ಬದಲಾವಣೆ ಹೊಸ ಟಿ ಕೋಶಗಳ ಕೊರತೆಗೆ ತದ್ವಿರುದ್ಧ. ವಯಸ್ಸಾದಂತೆ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ, ಅಂದರೆ ರೋಗನಿರೋಧಕ ವ್ಯವಸ್ಥೆಯ ಕೆರಳಿಕೆ, ಸದಾ ಇರುತ್ತದೆ. ಹೃದ್ರೋಗ, ಮಧುಮೇಹಗಳಿಗೂ ಅದಕ್ಕೂ ನಂಟಿದೆ. ಒಂದು ಕಡೆ ಕೊರತೆ, ಇನ್ನೊಂದು ಕಡೆ ಅತಿ. ಹೀಗಿರುವಾಗ ಟಾನಿಕ್ ಯಾವುದನ್ನು ಹೆಚ್ಚಿಸಬೇಕು?

ನೆಚ್ಚಬಹುದಾದದ್ದು ಲಸಿಕೆಗಳನ್ನು. ಮುಪ್ಪಿನಲ್ಲಿ ಅವುಗಳ ಪರಿಣಾಮವೂ ತಗ್ಗುತ್ತದೆ ಎನ್ನುವುದು ನಿಜ. ಅದಕ್ಕೆಂದೇ 65 ದಾಟಿದವರಿಗಾಗಿ ಮಾಮೂಲಿಗಿಂತ ನಾಲ್ಕು ಪಟ್ಟು ಪ್ರತಿಜನಕವಿರುವ (ದೇಹಕ್ಕೆ ರೋಗಾಣುವಿನ ಗುರುತು ಕಲಿಸುವ ಅಂಶ) ಫ್ಲೂ ಲಸಿಕೆ ತಯಾರಾಗಿದೆ. ಬಾಲ್ಯದ ಸೀತಾಳೆ ಸಿಡುಬಿನ ವೈರಾಣು ನರಗಳಲ್ಲಿ ಅಡಗಿ ಕುಳಿತು, ಟಿ ಕೋಶಗಳ ಕಾವಲು ಸಡಿಲವಾದಾಗ ಸರ್ಪಸುತ್ತಾಗಿ ಏಳುತ್ತದೆ. ಅದಕ್ಕೂ ಲಸಿಕೆಯಿದೆ, 70 ದಾಟಿದವರಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ತಾಯಿಯವರ ಜೊತೆಗಿರುವ ನೀವೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.

ಇನ್ನು ಬಾರದ ಜ್ವರದ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ವೃದ್ಧರ ಮೈ ಮೊದಲೇ ಕೊಂಚ ತಣ್ಣಗಿರುತ್ತದೆ. ಸೋಂಕಾದಾಗ ಕಾವೇರುವುದೂ ಕಡಿಮೆ. ದಿಢೀರ್ ಗೊಂದಲ, ಬೀಳುವುದು, ಊಟ ಸೇರದಿರುವುದು, ಉಸಿರಾಟದ ವೇಗ ಹೆಚ್ಚುವುದು, ಇವೇ ಹಲವು ಬಾರಿ ಮೊದಲ ಸುಳಿವು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ, ಅಂದೇ ವೈದ್ಯರಿಗೆ ತೋರಿಸಿ. ತಾಯಿಯವರು ಆರೋಗ್ಯವಾಗಿರುವಾಗಲೇ ಕೆಲವು ದಿನ ತಾಪಮಾನ ಅಳೆದು ಬರೆದಿಡಿ. ಅದಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿದರೂ, ಥರ್ಮಾಮೀಟರ್ 38 ತೋರಿಸದಿದ್ದರೂ, ಅದನ್ನು ಜ್ವರವೆಂದೇ ಎಣಿಸಿ.

- ಸಂಪಾದಕ