ಮಷೀನ್ ಬಿಟ್ಟರೂ ಕೈ ಸುಮ್ಮನಿರುತ್ತಿಲ್ಲ

ಪ್ರಶ್ನೆ: ಪೀಣ್ಯದ ಒಂದು ಆಟೋ ಪಾರ್ಟ್ಸ್ ಕಂಪನಿಯಲ್ಲಿ 12 ವರ್ಷದಿಂದ ಇದ್ದೇನೆ. ಡಿಪ್ಲೊಮಾ ಮುಗಿಸಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ಆಪರೇಟರ್ ಆಗಿ ಸೇರಿದೆ, ಆಮೇಲೆ ಮಷೀನಿಗೆ ಟೂಲ್, ಅಳತೆ ಹೊಂದಿಸಿಕೊಡುವ ಸೆಟ್ಟರ್ ಆದೆ. ನಾಲ್ಕು ತಿಂಗಳ ಹಿಂದೆ ಶಿಫ್ಟ್ ಇನ್‌ಚಾರ್ಜ್ ಮಾಡಿದರು. ನನ್ನ ಕೆಳಗೆ 14 ಜನ. ಅಂದಿನಿಂದ ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕಾರವಾಗುವ ಪೀಸ್) ಜಾಸ್ತಿ ಆಗಿದೆ. ಯಾರಾದರೂ ಸೆಟ್ಟಿಂಗ್‌ನಲ್ಲಿ ತಡವರಿಸಿದರೆ ನಾನೇ ಹೋಗಿ ಮಾಡಿಬಿಡುತ್ತೇನೆ. ಎರಡು ಗಂಟೆಗೆ ಮುಗಿಯಬೇಕಾದ ಫಸ್ಟ್ ಶಿಫ್ಟ್ ನನಗೆ ಐದಾದರೂ ಮುಗಿಯಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್ ಒಬ್ಬರು ಈಗ ನನ್ನ ಮಾತು ಕೇಳಿಯೂ ಕೇಳದ ಹಾಗೆ ಇರುತ್ತಾರೆ. ಓಟಿ (ಓವರ್‌ಟೈಮ್) ನಿಂತು ಕೈಗೆ ಬರುವ ದುಡ್ಡೂ ಕಡಿಮೆ ಆಗಿದೆ. ವಾಪಸ್ ಮಷೀನಿಗೇ ಹೋಗಿಬಿಡಲಾ?
— ಹೆಸರು ಬೇಡ, ದಾಸರಹಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ‘ನಾನೇ ಹೋಗಿ ಮಾಡಿಬಿಡುತ್ತೇನೆ’ ಅನ್ನುವ ಮಾತು ಓದಿ ಅಲ್ಲೇ ನಿಂತೆ. ತಡವಾಗಿ ಮನೆ ಸೇರುವುದು, ರಿಜೆಕ್ಷನ್, ಹಿರಿಯರ ಮುನಿಸು ಎಲ್ಲವೂ ಬಹುಪಾಲು ಅಲ್ಲಿಂದಲೇ ಹೊರಟಿವೆ. ದುಡ್ಡಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ಟೂಲ್ ರೂಮಿನಿಂದ ಬಂದವನು. ಶಿಫ್ಟ್ ಕೈಗೆ ಬಂದ ಮೊದಲ ವರ್ಷ ನಾನೂ ಇದನ್ನೇ ಮಾಡಿದೆ. ಹುಡುಗ ಪ್ಯಾನೆಲ್ ಮುಂದೆ ತಡಕಾಡುತ್ತಿದ್ದರೆ ನೋಡಿಕೊಂಡು ನಿಲ್ಲಲು ಆಗುತ್ತಿರಲಿಲ್ಲ. ‘ಸರಿ ಆ ಕಡೆ’ ಅಂತ ನಾನೇ ನಿಂತುಬಿಡುತ್ತಿದ್ದೆ. ಐದು ನಿಮಿಷಕ್ಕೆ ಮಷೀನ್ ಓಡುತ್ತಿತ್ತು. ಮಾರನೇ ದಿನ ಅದೇ ಮಷೀನ್, ಅದೇ ಹುಡುಗ, ಅದೇ ತೊಂದರೆ. ಬರಬರುತ್ತಾ ಹುಡುಗರು ಸಣ್ಣ ಅನುಮಾನ ಬಂದರೂ ಮಷೀನ್ ನಿಲ್ಲಿಸಿ ನನ್ನ ದಾರಿ ಕಾಯತೊಡಗಿದರು. ನಾನು ಇನ್ನೊಂದು ಮಷೀನಿನಲ್ಲಿ ಸಿಕ್ಕಿಕೊಂಡಿದ್ದಾಗ ಕಾದು ಬೇಜಾರಾಗಿ, ಟೂಲ್ ಎಷ್ಟು ಸರಿಯಬೇಕು ಅನ್ನುವ ತಿದ್ದುಪಡಿಯ ಅಂಕಿ ಇದೆಯಲ್ಲ, ಏನೋ ಒಂದು ಆಫ್‌ಸೆಟ್ ಕೊಟ್ಟು ಓಡಿಸುತ್ತಿದ್ದರು. ರಿಜೆಕ್ಷನ್ ಜಾಸ್ತಿ ಆಗಿದ್ದು ಹೀಗೆ.

ಒಂದು ದಿನ ಚೆನ್ನಾಗಿ ನೆನಪಿದೆ. ಟರ್ನಿಂಗ್ ಸೆಂಟರ್‌ನಲ್ಲಿ 25 ಎಚ್7 ಬೋರ್ (ಪೀಸಿನ ಒಳಗಿನ ತೂತು) ನಡೆಯುತ್ತಿತ್ತು. ಅಂದರೆ ಬೋರ್ 25.000ದಿಂದ 25.021 ಮಿಲಿಮೀಟರ್ ಒಳಗೆ ಬರಬೇಕು, 21 ಮೈಕ್ರಾನ್ ಅಷ್ಟೇ ಅವಕಾಶ. ಹೊಸ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಹಾಕಿ ಹುಡುಗ ಫಸ್ಟ್ ಪೀಸ್ ತೆಗೆದ. ಬೋರ್ ಗೇಜ್ 24.985 ತೋರಿಸಿತು. ಎಕ್ಸ್ ಆಫ್‌ಸೆಟ್‌ಗೆ 25 ಮೈಕ್ರಾನ್ ಪ್ಲಸ್ ಕೊಡಬೇಕಿತ್ತು. ಅವನು ಮೈನಸ್ ಕೊಟ್ಟ. ನಾನು ಹಿಂದೆಯೇ ನಿಂತಿದ್ದೆ. ಕೈ ಆಗಲೇ ಮುಂದೆ ಹೋಗಿತ್ತು, ಹಿಡಿದುಕೊಂಡೆ. ಮೈನಸ್ ಕೊಟ್ಟರೆ ಮುಂದಿನ ಪೀಸಿನ ಬೋರ್ ಇನ್ನೂ ಚಿಕ್ಕದಾಗಿ ಬರುತ್ತದೆ, ಅಷ್ಟೇ ಅಲ್ವಾ? ಮೆಟೀರಿಯಲ್ ಉಳಿದೇ ಇರುತ್ತದೆ, ಇನ್ನೊಂದು ಪಾಸ್ ತೆಗೆದರೆ ಪೀಸ್ ಉಳಿಯುತ್ತದೆ.

ಮುಂದಿನ ಪೀಸ್ 24.960 ಬಂತು. ಅವನು ಮೊದಲು ಗೇಜನ್ನೇ ಅನುಮಾನಿಸಿದ. ಅಳತೆ ಖಚಿತವಾಗಿ ಗೊತ್ತಿರುವ ರಿಂಗ್ ಗೇಜ್ ಇಟ್ಟು ಮತ್ತೆ ಜೀರೋ ಮಾಡಿದ, ಮತ್ತೆ ಅಳೆದ. ಅದೇ ಬಂತು. ಆಮೇಲೆ ಪ್ಯಾನೆಲ್ ನೋಡಿ ‘ಅಯ್ಯೋ, ಉಲ್ಟಾ ಕೊಟ್ಟೆ’ ಅಂದ. ಈಗ 25 ಸಾಲದು, 50 ಪ್ಲಸ್ ಕೊಡಬೇಕು ಅಂತ ಬೆರಳು ಮಡಚಿ ತಾನೇ ಲೆಕ್ಕ ಹಾಕಿದ. ಆ ಎರಡನೇ ಪೀಸನ್ನೇ ಮತ್ತೆ ಓಡಿಸಿ ಸರಿಮಾಡಿದ. ನನಗೆ ಹದಿನೈದು ನಿಮಿಷ ಹೋಯಿತು. ಅವನು ಮತ್ತೆಂದೂ ಪ್ಲಸ್ಸೋ ಮೈನಸ್ಸೋ ಅಂತ ನನ್ನನ್ನು ಕೇಳಲಿಲ್ಲ.

ಅದೇ ಹೊರಗಿನ ಡಯಾ (ವ್ಯಾಸ) ಆಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅಲ್ಲಿ ತಪ್ಪಾಗಿ ಮೈನಸ್ ಕೊಟ್ಟರೆ ಪೀಸ್ ಸಣ್ಣದಾಗಿ ಸ್ಕ್ರ್ಯಾಪಿಗೆ ಹೋಗುತ್ತದೆ. ಪೀಸನ್ನು ಚಕ್ (ಹಿಡಿಕೆ) ಸರಿಯಾಗಿ ಹಿಡಿದಿಲ್ಲ, ಟೂಲ್ ಹೋಗಿ ಗುದ್ದುತ್ತದೆ ಅನ್ನಿಸಿದರೆ ಕಲಿಸುವ ಮಾತೇ ಇಲ್ಲ, ಮೊದಲು ಎಮರ್ಜೆನ್ಸಿ ಒತ್ತಿ. ಯಾವ ತಪ್ಪು ಆಗಲು ಬಿಡಬಹುದು, ಯಾವುದನ್ನು ಆಗುವ ಮುಂಚೆ ತಡೆಯಬೇಕು, ಇದು ಹೊರಗಿನಿಂದ ಬಂದ ಮ್ಯಾನೇಜರ್‌ಗೆ ಗೊತ್ತಾಗುವುದಿಲ್ಲ. ನಿಮಗೆ ಗೊತ್ತು. ನಿಮ್ಮ 12 ವರ್ಷದ ಕೆಲಸ ಈಗ ಉಪಯೋಗಕ್ಕೆ ಬರಬೇಕಾದ್ದು ಇಲ್ಲಿ.

ಕಲಿಸುವುದಕ್ಕೂ ಒಂದು ಹಳೆಯ ಪದ್ಧತಿ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಹೊಸಬರು ದಂಡುದಂಡಾಗಿ ಬಂದರು. ಅವರಿಗೆ ಬೇಗ ಕೆಲಸ ಕಲಿಸಲು 1940ರಲ್ಲಿ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಅನ್ನುವ ಕಾರ್ಯಕ್ರಮ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಗಿ ಟೊಯೊಟಾದಲ್ಲಿ ಬೇರುಬಿಟ್ಟಿತು. ಅದರಲ್ಲಿ ನಾಲ್ಕೇ ಹೆಜ್ಜೆ. ಹುಡುಗನ ಭಯ ಬಿಡಿಸಿ ಅವನಿಗೆ ಎಷ್ಟು ಗೊತ್ತು ಅಂತ ತಿಳಿದುಕೊಳ್ಳುವುದು, ನಾವು ಹೇಳುತ್ತಾ ಮಾಡಿ ತೋರಿಸುವುದು, ಅವನ ಕೈಯಲ್ಲಿ ಮಾಡಿಸುವುದು, ಆಮೇಲೆ ಆಗಾಗ ಹೋಗಿ ನೋಡುವುದು. ನಾವು ಎರಡನೆಯದಕ್ಕೇ ನಿಲ್ಲಿಸಿಬಿಡುತ್ತೇವೆ. ಮೂರನೆಯದರಲ್ಲಿ ಒಂದು ಗುಟ್ಟಿದೆ: ಅವನು ಮಾಡುತ್ತಾ ಮಾಡುತ್ತಾ ‘ಇದು ಯಾಕೆ’ ಅಂತ ಅವನ ಬಾಯಲ್ಲೇ ಹೇಳಿಸಬೇಕು. ತಲೆ ಅಲ್ಲಾಡಿಸಿದ ಮಾತ್ರಕ್ಕೆ ಅರ್ಥ ಆಯಿತು ಅಂತ ಅಲ್ಲ. ನಿಮ್ಮ ಶಿಫ್ಟಿನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದರೆ ಇನ್ನೂ ನಿಧಾನ ಬೇಕು. ಅವರು ‘ಹೌದು ಸರ್’ ಅಂದುಬಿಡುತ್ತಾರೆ.

ಆಡಿಟ್‌ಗೆ ಅಂತ ಗೋಡೆಗೆ ಹಾಕಿರುವ ಸ್ಕಿಲ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಕೆಲಸ ಬರುತ್ತದೆ ಅನ್ನುವ ಪಟ್ಟಿ) ನಿಮ್ಮಲ್ಲೂ ಇರುತ್ತದೆ. ಅದರ ಮುಂದೆ ಅರ್ಧ ಗಂಟೆ ನಿಲ್ಲಿ. ನೀವು ಕಣ್ಣಾರೆ ನೋಡಿದ್ದನ್ನಷ್ಟೇ ನಂಬಿ ಪೆನ್ಸಿಲ್‌ನಲ್ಲಿ ತಿದ್ದಿ. ಒಬ್ಬನಿಗಷ್ಟೇ ಬರುವ ಸೆಟ್ಟಿಂಗ್ ಯಾವುದು? ಅಲ್ಲಿಂದ ಶುರುಮಾಡಿ, ತಿಂಗಳಿಗೆ ಒಬ್ಬನಿಗೆ ಒಂದು ಸೆಟ್ಟಿಂಗ್ ಪೂರ್ತಿ ಕಲಿಸಿದರೆ ಸಾಕು.

ಇನ್ನೊಂದು ಮಾತು, ಇದನ್ನು ನೀವು ಬರೆದಿಲ್ಲ. ನಿಮ್ಮನ್ನು ಇನ್‌ಚಾರ್ಜ್ ಮಾಡಿದ ಮೇಲೆ ನಿಮ್ಮ ಜಾಗಕ್ಕೆ ಸೆಟ್ಟರ್ ಯಾರು ಬಂದರು? ಬಹಳ ಕಂಪನಿಗಳಲ್ಲಿ ಒಳ್ಳೆಯ ಸೆಟ್ಟರ್‌ನ ಮೇಲಕ್ಕೆ ಹಾಕುತ್ತಾರೆ, ಆ ಜಾಗ ಹಾಗೇ ಖಾಲಿ ಬಿಡುತ್ತಾರೆ. ಆಗ ಒಬ್ಬನೇ ಎರಡು ಕೆಲಸ ಮಾಡಬೇಕಾಗುತ್ತದೆ. ಟೊಯೊಟಾ ಪದ್ಧತಿಯಲ್ಲಿ ಐದಾರು ಜನಕ್ಕೆ ಒಬ್ಬ ಟೀಮ್ ಲೀಡರ್ ಇರುತ್ತಾನೆ. ನಿಮಗೆ 14 ಜನ. ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ ‘ಸರ್, ಈ ಹುಡುಗನನ್ನು ಮೂರು ತಿಂಗಳಲ್ಲಿ ಸೆಟ್ಟರ್ ಮಾಡುತ್ತೇನೆ, ಅವನ ಮಷೀನಿಗೆ ಒಬ್ಬ ಆಪರೇಟರ್ ಕೊಡಿ’ ಅಂತ ಹೆಸರು ಹೇಳಿ ಕೇಳಿ. ಜನ ಸಾಲದು ಅಂತ ಸುಮ್ನೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇನ್ನು ಆ ಹಿರಿಯರು. ಅವರನ್ನು ಇಷ್ಟು ದಿನ ಅಣ್ಣ ಅನ್ನುತ್ತಿದ್ದರೆ ಈಗಲೂ ಅಣ್ಣ ಅಂತಲೇ ಕರೆಯಿರಿ. ಹೆಸರು ಹಿಡಿದು ಕರೆಯುವುದಕ್ಕೆ ಶುರುಮಾಡಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಒಬ್ಬರೇ ಇರುವ ಹೊತ್ತು ನೋಡಿ ನೇರವಾಗಿ ಹೇಳಿ: ‘ಅಣ್ಣ, ಈ ಕೆಲಸ ನಿಮಗೆ ಬರಬೇಕಿತ್ತು ಅಂತ ನಿಮಗೆ ಅನ್ನಿಸಿರಬಹುದು. ನನಗೆ ಕೈ ಹಿಡಿದು ಕಲಿಸಿದವರು ನೀವು. ಈ ಎರಡು ಹುಡುಗರನ್ನು ನಿಮಗೆ ಒಪ್ಪಿಸುತ್ತೇನೆ, ತಯಾರು ಮಾಡಿಕೊಡ್ತೀರಾ?’ ಅವರಿಗೆ ನಿಜವಾಗಿ ಬೇಕಾಗಿರುವುದು ಆ ಗೌರವ ಅಂತ ನನ್ನ ಅನುಭವ. ಒಂದೇ ಸಲಕ್ಕೆ ಒಪ್ಪಲಿಕ್ಕಿಲ್ಲ, ಬಿಡಬೇಡಿ.

ಆದರೆ ಓಟಿ ಮತ್ತು ರಜೆ ವಿಷಯದಲ್ಲಿ ಅವರಿಗೂ ಇಲ್ಲ, ನಿಮ್ಮ ಗೆಳೆಯರಿಗೂ ಇಲ್ಲ, ರಿಯಾಯಿತಿ ಬೇಡ. ಶಾಪ್ ಫ್ಲೋರಿನಲ್ಲಿ ಜಗಳ ಹುಟ್ಟುವುದೇ ಅಲ್ಲಿ. ಭಾನುವಾರದ ಓಟಿ ಯಾರಿಗೆ ಸಿಕ್ಕಿತು, ಯುಗಾದಿಗೆ, ಊರ ಜಾತ್ರೆಗೆ ಯಾರಿಗೆ ರಜೆ ಸಿಕ್ಕಿತು ಅಂತ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಲೆಕ್ಕ ಇಟ್ಟಿರುತ್ತಾರೆ. ಸರದಿಯ ಪಟ್ಟಿ ಬರೆದು ಬೋರ್ಡಿಗೆ ಅಂಟಿಸಿ.

ದುಡ್ಡಿನ ವಿಷಯ. ಇದನ್ನು ಕೇಳಲು ನಾಚಿಕೆ ಬೇಡ. ಕಾರ್ಮಿಕರಿಗೆ ಓಟಿಗೆ ದುಪ್ಪಟ್ಟು ದರ ಅಂತ ಕಾನೂನೇ ಇದೆ. ಮೇಲ್ವಿಚಾರಣೆ ಹುದ್ದೆಗೆ ಹೋದವರಿಗೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿ ಮೀರಿ ಸಂಬಳ ಪಡೆಯುವವರು ‘ಕಾರ್ಮಿಕ’ ಅನ್ನುವ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂದರೆ ನೀವು ಬಿಟ್ಟುಕೊಟ್ಟಿರುವುದು ಬರೀ ಓಟಿ ಅಲ್ಲ, ಒಂದಿಷ್ಟು ರಕ್ಷಣೆಯನ್ನೂ ಕೂಡ. ಆದರೆ ತಕರಾರು ಬಂದರೆ ಕೋರ್ಟುಗಳು ನೋಡುವುದು ಲೆಟರ್‌ನಲ್ಲಿರುವ ಹುದ್ದೆಯ ಹೆಸರನ್ನಲ್ಲ, ನೀವು ನಿಜವಾಗಿ ಮಾಡುತ್ತಿರುವ ಕೆಲಸವನ್ನು. ಇನ್‌ಚಾರ್ಜ್ ಆಗುವ ಮುಂಚಿನ 12 ತಿಂಗಳ ಪೇಸ್ಲಿಪ್ ತೆಗೆದು ಓಟಿ ಹಣ ಕೂಡಿ, ತಿಂಗಳ ಸರಾಸರಿ ಹಾಕಿ. ಕನಿಷ್ಠ ಅಷ್ಟಾದರೂ ಸಂಬಳದಲ್ಲಿ ಸೇರಬೇಕು ಅಂತ ಎಚ್‌ಆರ್‌ಗೆ ಬರೆದು ಕೊಡಿ. ಜೊತೆಗೆ ನಿಮ್ಮ ಜವಾಬ್ದಾರಿ ಏನೇನು ಅಂತ ಬರಹದಲ್ಲಿ ಕೇಳಿ.

ವಾಪಸ್ ಹೋಗುವುದಾ? ನಾಲ್ಕು ತಿಂಗಳು ಸಾಲದು, ಇನ್ನೊಂದು ಆರು ತಿಂಗಳು ಕೊಡಿ. ಈ ಆರು ತಿಂಗಳು ಮಷೀನ್ ಮುಟ್ಟುವ ಬದಲು ಜನರನ್ನು ತಯಾರು ಮಾಡಿ ನೋಡಿ. ಆಮೇಲೂ ಸಂಜೆ ಮನೆಗೆ ಹೋಗುವಾಗ ‘ಇವತ್ತು ಏನೂ ಕೆಲಸ ಮಾಡಲಿಲ್ಲ’ ಅಂತಲೇ ಅನ್ನಿಸುತ್ತಿದ್ದರೆ ಪ್ರೋಗ್ರಾಮಿಂಗ್, ಪ್ರೋಸೆಸ್ ಪ್ಲಾನಿಂಗ್, ಹೊಸ ಪಾರ್ಟ್ ಡೆವಲಪ್‌ಮೆಂಟ್ ಕಡೆ ಕೇಳಿ. ಅದು ಸೋಲಲ್ಲ. ಒಳ್ಳೆಯ ಪ್ರೋಸೆಸ್ ಪ್ಲಾನರ್ ಇಲ್ಲದೆ ಒದ್ದಾಡುತ್ತಿರುವ ಎಷ್ಟೋ ಕಂಪನಿಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಐಟಿಐ ಫಿಟ್ಟರ್ ಮಾಡಿ ಒಂದೇ ಕಂಪನಿಯಲ್ಲಿ 9 ವರ್ಷ ಆಯಿತು. ಹೊಸ ಡಿಪ್ಲೊಮಾ ಹುಡುಗರಿಗೆ ನಾನೇ ಕಲಿಸುತ್ತೇನೆ, ಆಮೇಲೆ ಅವರೇ ಸೂಪರ್‌ವೈಸರ್ ಆಗುತ್ತಾರೆ. ಡಿಪ್ಲೊಮಾ ಇಲ್ಲದೆ ಆಗಲ್ಲ ಅನ್ನುತ್ತಾರೆ. ಕಂಪನಿ ಬಿಡಲಾ?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಆದರೆ ಬಿಡುವ ಮುಂಚೆ ಒಂದು ದಾರಿ ನೋಡಿ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ಸಂಜೆ ತರಗತಿ ನಡೆಸುವ ಪಾಲಿಟೆಕ್ನಿಕ್ ನಿಮ್ಮ ಹತ್ತಿರ ಯಾವುದಿದೆ ಅಂತ ವಿಚಾರಿಸಿ. ತೊಂದರೆ ಬರುವುದು ಶಿಫ್ಟ್ ಬದಲಾದಾಗ. ಸೆಕೆಂಡ್ ಶಿಫ್ಟ್ ಬಿದ್ದ ವಾರ ಕ್ಲಾಸ್ ತಪ್ಪುತ್ತದೆ, ಹಾಜರಾತಿ ಸಾಲದೆ ಹೋಗುತ್ತದೆ. ಅದಕ್ಕೇ ಮೊದಲು ಎಚ್‌ಆರ್ ಹತ್ತಿರ ಎರಡು ಮಾತು ಕೇಳಿ. ಓದು ಮುಗಿಯುವವರೆಗೆ ಫಸ್ಟ್ ಅಥವಾ ಜನರಲ್ ಶಿಫ್ಟ್ ಕೊಡುತ್ತೀರಾ? ಡಿಪ್ಲೊಮಾ ಆದ ಮೇಲೆ ನನ್ನ 9 ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತೀರಾ, ಇಲ್ಲ ಹೊಸಬನ ಹಾಗೆ ನೋಡುತ್ತೀರಾ? ಎರಡಕ್ಕೂ ಉತ್ತರ ಕಾಗದದ ಮೇಲೆ ಸಿಕ್ಕಿದರೆ ಫೀಸ್ ಕಟ್ಟಿ. ಬಾಯಿ ಮಾತಿನಲ್ಲಿ ಜಾರಿಕೊಂಡರೆ ಡಿಪ್ಲೊಮಾ ಮಾಡಿ, ಆದರೆ ಬೇರೆ ಕಂಪನಿಗೆ ಅಂತ ಮಾಡಿ.