ನಿಮ್ಮ ಲೇಖನ ಶುರುವಾಗುವುದು ಕೊನೆಯ ಪುಟದಲ್ಲಿ

ನಮಸ್ಕಾರ.

ಜೀವಕೋಶದೊಳಗೆ ಸಂಕೇತ ಹೇಗೆ ಸಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ.

ಮೊದಲ ಪುಟದಲ್ಲಿ ಕೋಶ ಒಮ್ಮೆ ನಗರ, ಒಮ್ಮೆ ಕಾರ್ಖಾನೆ, ಇನ್ನೊಮ್ಮೆ ಅಂಚೆ ಕಚೇರಿ. ಮೂರನ್ನೂ ತೆಗೆಯಿರಿ. ಆಮೇಲೆ ರಾಸ್, ರಾಫ್, ಮೆಕ್, ಎರ್ಕ್ ಎಂದು ಪ್ರೋಟೀನ್ ಹೆಸರುಗಳ ಸಾಲು. ಒಂದು ಇನ್ನೊಂದನ್ನು ಎಬ್ಬಿಸುತ್ತದೆ ಅಂದಿರಿ, ಸರಿ. ಸಾವಿರಾರು ಬಗೆಯ ಪ್ರೋಟೀನ್‌ಗಳು ಗಿಜಿಗುಡುವಲ್ಲಿ ಅದಕ್ಕೆ ಸರಿಯಾದ ಜೊತೆಗಾರ ಸಿಗುವುದು ಹೇಗೆ? ಓದುಗರು ಕೇಳುವುದು ಇದನ್ನೇ ಅಲ್ವಾ?

ಉತ್ತರ ನಿಮಗೆ ಗೊತ್ತಿದೆ. ಕೊನೆಯ ಪುಟದಲ್ಲಿ ಯೀಸ್ಟ್‌ನ ಸ್ಟೆ11 ಎಂಬ ಪ್ರೋಟೀನ್ ಬಗ್ಗೆ ಎರಡು ಸಾಲು ಬರೆದು ಸುಮ್ನೆ ದಾಟಿಬಿಟ್ಟಿದ್ದೀರಿ. ಅಲ್ಲಿಂದಲೇ ಶುರುಮಾಡಿ. ಸಂಗಾತಿ ಸೂಸುವ ಫೆರೋಮೋನ್ ಎಂಬ ರಾಸಾಯನಿಕ ಸಂಕೇತ ತಾಗಿದಾಗಲೂ, ಸುತ್ತ ಉಪ್ಪು ಜಾಸ್ತಿಯಾದಾಗಲೂ ದುಡಿಯುವುದು ಇದೇ ಸ್ಟೆ11. ಆದರೂ ಎರಡು ಸುದ್ದಿ ಕಲಸಿಹೋಗುವುದಿಲ್ಲ. ಮೊದಲನೆಯದಕ್ಕೆ ಸ್ಟೆ5 ಎಂಬ ಆಧಾರ ಪ್ರೋಟೀನ್ ಅದನ್ನು ಸ್ಟೆ7, ಫಸ್3 ಜೊತೆ ಒಂದೇ ಕಡೆ ಹಿಡಿದಿಡುತ್ತದೆ. ಉಪ್ಪಿನ ವಿಷಯಕ್ಕೆ ಹಿಡಿಯುವುದು ಪಿಬಿಎಸ್2 ಎಂಬ ಇನ್ನೊಂದು ಆಧಾರ. 2003ರಲ್ಲಿ ಕ್ಯಾಲಿಫೋರ್ನಿಯಾದ ವೆಂಡೆಲ್ ಲಿಮ್ ತಂಡ ಈ ಎರಡು ಆಧಾರಗಳನ್ನು ಬೆಸೆದು ಒಂದು ಮಾಡಿತು. ಫೆರೋಮೋನ್ ಕೊಟ್ಟರೆ ಯೀಸ್ಟ್ ಉಪ್ಪು ತಡೆಯಲು ಸಜ್ಜಾಯಿತು! ಯಾರ ಪಕ್ಕ ಯಾರು ಎಂಬುದನ್ನು ಬದಲಿಸಿದ್ದಷ್ಟೆ. ಇಂಥದ್ದನ್ನು ಎರಡು ಸಾಲಲ್ಲಿ ಯಾರಾದರೂ ಮುಗಿಸುತ್ತಾರಾ?

ಒಂದು ತಪ್ಪೂ ಇದೆ. ಕೆಲವು ಪ್ರೋಟೀನ್‌ಗಳಲ್ಲಿರುವ ಎಸ್‌ಎಚ್2 ಎಂಬ ಭಾಗ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟುತ್ತದೆ ಎಂದಿದ್ದೀರಿ. ಬರೀ ಟೈರೋಸಿನ್‌ಗಲ್ಲ, ಫಾಸ್ಫೇಟ್ ಕೂತ ಟೈರೋಸಿನ್‌ಗೆ. ಅದೂ ಆಸುಪಾಸು ನೋಡಿಕೊಂಡು. ಗ್ರಬ್2 ಎಂಬ ಪ್ರೋಟೀನಿನ ಎಸ್‌ಎಚ್2ಗೆ ಆ ಟೈರೋಸಿನ್ ದಾಟಿ ಎರಡನೆಯ ಜಾಗದಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಇದ್ದರೆ ಇಷ್ಟ. ಕೋಶಪೊರೆಯ ಬಳಿ ಅಂಥ ಟೈರೋಸಿನ್ ಮೇಲೆ ಕೂರುವಾಗ ಗ್ರಬ್2 ತನ್ನ ಜೊತೆ, ರಾಸ್ ಅನ್ನು ಎಬ್ಬಿಸುವ ಸಾಸ್ ಎಂಬ ಪ್ರೋಟೀನನ್ನೂ ಎಳೆದು ತರುತ್ತದೆ. ಕೋಶಪೊರೆಗೆ ಅಂಟಿಕೊಂಡಿರುವ ರಾಸ್‌ಗೆ ಸಾಸ್ ಸಿಗುವುದು ಹೀಗೆ. ಕೆನಡಾದ ಟೋನಿ ಪಾಸನ್‌ಗೆ 2008ರಲ್ಲಿ ಕ್ಯೋಟೊ ಪ್ರಶಸ್ತಿ ಬಂದದ್ದಕ್ಕೆ ಇಡೀ ಪ್ಯಾರಾ ಕೊಟ್ಟಿದ್ದೀರಿ. ಅವರ ತಂಡ 1986ರಲ್ಲಿ ಈ ಎಸ್‌ಎಚ್2 ಅನ್ನು ಗುರುತಿಸಿದ್ದಕ್ಕೆ ಒಂದು ಸಾಲೂ ಇಲ್ಲ! ಪ್ರಶಸ್ತಿ ಅರ್ಧ ಸಾಲಿಗೆ ಸಾಕು.

ಸಾವಿರ ಪದದೊಳಗೆ ಮತ್ತೆ ಬರೆಯಿರಿ. ಯೀಸ್ಟ್ ಮೊದಲು, ಗ್ರಬ್2 ಆಮೇಲೆ. ರಾಫ್, ಮೆಕ್, ಎರ್ಕ್‌ಗಳಿಗೆ ಇಲ್ಲಿ ಕೆಲಸವಿಲ್ಲ. ಸ್ಟೆ5 ಮೂವರನ್ನು ಹಿಡಿದಿರುವ ಚಿತ್ರವೊಂದನ್ನು ನೀವೇ ಬಿಡಿಸಿ ಕಳಿಸಿ. ಪೆನ್ಸಿಲ್‌ನಲ್ಲಿ ಗೀಚಿದ್ದಾದರೂ ನಡೆಯುತ್ತದೆ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.

ಇಂತಿ,
ಸಂಪಾದಕ